ನಮ್ಮ ದವಾಖಾನಿಗೆ ಅರಿವಳಿಕೆ ಡಾಕ್ಟ್ರು ಬೇಕು: ಯಾರನ್ನ ಕೇಳಬೇಕು, ಹ್ಯಾಂಗ ಕೇಳಬೇಕು?

ನಾಲೆ ದಂಡಿ ಮೇಷ್ಟ್ರು (ರಾಯಚೂರು ಜಿಲ್ಲೆ)

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗ್ತದ, ದಯಮಾಡಿ ಪೂರ್ತಿ ಓದ್ರಿ.

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹೆಣ್ಮಗಳಿಗೆ ರಾತ್ರಿ ಒಂಬತ್ತಕ್ಕ ಬ್ಯಾನಿ ಶುರುವಾದ್ವು. ಚೊಚ್ಚಲ ಹೆರಿಗಿ. ನನ್ನ ಕೈಯಾಗ ಏಳನೇತ್ತ ತನಕ ಓದಿದ ಹುಡುಗಿ. ಆಶಾ ಅಕ್ಕಾರು ಓಡಿ ಬಂದ್ರು, 108ಕ್ಕ ಫೋನ್ ಹಚ್ಚಿದ್ರು, ಸಮುದಾಯ ಆರೋಗ್ಯ ಕೇಂದ್ರಕ್ಕ ಮುಟ್ಟಿಸಿದ್ರು. ಅಲ್ಲಿ ಹೆರಿಗಿ ಡಾಕ್ಟರಮ್ಮ ಇದ್ರು. ಓಟಿ (ಆಪರೇಷನ್ ಥೇಟರ್) ಅದ, ಟೇಬಲ್ ಹೊಸಾದು, ದೀಪ ಹೊಸಾವು. ಕೂಸು ಅಡ್ಡ ಅದ, ಸಿಸೇರಿಯನ್ ಆಗಬೇಕು ಅಂದ್ರು. ಆದ್ರ ಅರಿವಳಿಕೆ ಕೊಡೋರು ಇಲ್ಲ. ತಾಲ್ಲೂಕಿಗೆ ಬರಕೊಟ್ರು. ತಾಲ್ಲೂಕಿನ ಅರಿವಳಿಕೆ ಡಾಕ್ಟ್ರು ಅವತ್ತು ರಜಾದ ಮ್ಯಾಲ. ಅಲ್ಲಿಂದ ಮತ್ತ ಜಿಲ್ಲಾ ಕೇಂದ್ರಕ್ಕ. ನಸುಕಿನ ಮೂರೂವರಿಗೆ ಆಪರೇಷನ್ ಆಯ್ತು. ತಾಯಿ ಉಳದಾಳ, ಕೂಸು ಉಳದದ. ಆ ಆರೂವರಿ ತಾಸು ಆಕಿಯ ಅವ್ವ ಆ್ಯಂಬುಲೆನ್ಸಿನಾಗ ಮಗಳ ಕೈ ಹಿಡಕೊಂಡು ಹ್ಯಾಂಗ ಕುಂತಿದ್ದಳು ಅನ್ನೋದನ್ನ ನಾನು ಕಣ್ಣಾರೆ ನೋಡೀನಿ. ಅದಕ್ಕ ಇದನ್ನ ಬರೆಯಾಕ ಕುಂತೆ.

ಕೇಂದ್ರದ ಹೆಸರು ಬರೆಯೋದಿಲ್ಲ. ಅಲ್ಲಿದ್ದವರು ತಮ್ಮ ಕೆಲಸ ತಾವು ಮಾಡಿದ್ರು, ಅವರಿಗೆ ಕೆಟ್ಟ ಹೆಸರು ತರೋ ಮನಸಿಲ್ಲ.

ಮರುದಿನ ಊರಾಗ ಸಭಾ ಕೂಡಿದ್ವಿ. ಅರ್ಧ ಮಂದಿ, ನೂರು ಹಾಸಿಗಿ ದವಾಖಾನಿ ಮಾಡ್ರಿ ಅಂತ ಶಾಸಕರಿಗೆ ಮನವಿ ಕೊಡೋಣ ಅಂದ್ರು. ಉಳಿದ ಅರ್ಧ ಮಂದಿ ರಸ್ತಾ ತಡಿಯೋಣ ಅಂದ್ರು. ನನಗ ಎರಡರಾಗೂ ಸಮಾಧಾನ ಆಗ್ಲಿಲ್ಲ. ನಮಗ ಬೇಕಾಗಿರೋದು ಒಬ್ಬ ಡಾಕ್ಟ್ರು. ಕಟ್ಟಡ ಅದ. ಇದನ್ನ ಯಾರ ಮುಂದ ಇಡಬೇಕು, ಯಾವ ಕಾಗದ ಹಿಡಕೊಂಡು ಹೋಗಬೇಕು? ಮಾಡಿ ಗೊತ್ತಿದ್ದವರು ಹೇಳ್ರಿ.


ಹಟ್ಟಿ ಹುಡುಗ

ಮೇಷ್ಟ್ರೇ, ನಮಸ್ಕಾರ. ದೊಡ್ಡದು ಕೇಳಿದ್ರನ ಸಣ್ಣದಾದ್ರೂ ಸಿಗ್ತದ ಅನ್ನೋನು ನಾನು. ರಾಯಚೂರಾಗ ಏಮ್ಸ್ ಸಲುವಾಗಿ 2022ರ ಮೇ 13ರಿಂದ ಧರಣಿ ಕುಂತಾರ. ಸಾವಿರ ದಿನ ದಾಟೇತಿ. ಮಳಿ ಅಂದಿಲ್ಲ, ನಮ್ಮ ರಾಯಚೂರಿನ ಬ್ಯಾಸಿಗಿ ಅಂದಿಲ್ಲ. ರಾಜ್ಯ ಸರ್ಕಾರ ರಾಯಚೂರಿಗೇ ಕೊಡ್ರಿ ಅಂತ ಕೇಂದ್ರಕ್ಕ ಪತ್ರ ಬರೆದದ್ದು ಆ ಮಂದಿ ಕುಂತದ್ದಕ್ಕ. ಐಐಟಿ ನಮಗ ಬರಬೇಕಾಗಿತ್ತು, ಧಾರವಾಡಕ್ಕ ಹೋಯ್ತು. ಅವತ್ತು ನಾವು ಸುಮ್ಮನಿದ್ವಿ ಅನ್ನೋ ನೋವು ಇನ್ನೂ ಹೋಗಿಲ್ಲ. ಹಂಗಾಗಿ ಬರೇ ಒಬ್ಬ ಡಾಕ್ಟ್ರನ್ನ ಕೇಳೋದು ಕಡಿಮಿ ಆಗ್ತದ. ನೂರು ಹಾಸಿಗಿ ಕೇಳ್ರಿ.


ಸಿಸ್ಟರ್, ಕೊಪ್ಪಳ ಜಿಲ್ಲೆ

ತಮ್ಮಾ, ಏಮ್ಸ್ ಧರಣಿಗೆ ನಾನೂ ಒಂದು ದಿನ ಹೋಗಿ ಕುಂತು ಬಂದೀನಿ, ಆ ಮಂದಿಗೆ ಕೈ ಮುಗೀತೀನಿ. ಆದ್ರ ಮೇಷ್ಟ್ರು ಕೇಳಾಕತ್ತಿರೋ ಮಾತು ಬ್ಯಾರೆ ಐತಿ. ನಾನು ಹತ್ತೊಂಬತ್ತು ವರ್ಷದಿಂದ ಹೆರಿಗಿ ವಾರ್ಡಿನಾಗ ಇದ್ದೀನಿ, ಅದಕ್ಕ ಹೇಳ್ತೀನಿ.

ದವಾಖಾನಿ ಮ್ಯಾಲ್ದರ್ಜೆಗೆ ಏರೇತಿ ಅಂದ್ರ ಮೊದಲು ಬದಲಾಗೋದು ಬೋರ್ಡು. ಆಮ್ಯಾಲ ಕಟ್ಟಡ. ಆಮ್ಯಾಲ ಹುದ್ದೆ ಮಂಜೂರಾಗಬೇಕು, ಅದಕ್ಕ ಹಣಕಾಸು ಇಲಾಖಿ ಒಪ್ಪಬೇಕು. ಮಂದಿ ಬರೋದು ಎಲ್ಲಾದರ ಕೊನಿಗೆ. ಅಷ್ಟರಾಗ ಹಾಸಿಗಿ ಹೆಚ್ಚಾದ್ವು ಅಂತ ರೋಗಿಗಳು ಹೆಚ್ಚಾಗಿ ಬರ್ತಾರ, ಸಿಸ್ಟರ್‌ಗಳು ಮಾತ್ರ ಇದ್ದಷ್ಟೇ ಇರ್ತೀವಿ. ರಾತ್ರಿ ಪಾಳಿಯಾಗ ಒಬ್ಬಾಕಿ ಹೆರಿಗಿ ಮಾಡಸ್ಲ್ಯೋ, ವಾರ್ಡಿನಾಗಿರೋ ಬಾಣಂತಿ ನೋಡ್ಲ್ಯೋ?

ಮೇಷ್ಟ್ರೇ, ನೀವು ಕೇಳಬೇಕಾಗಿರೋದು ಮೂರು ಅಂಕಿ. ಮಂಜೂರಾದ ಹುದ್ದೆ ಎಷ್ಟು? ಭರ್ತಿ ಆಗಿದ್ದು ಎಷ್ಟು? ಭರ್ತಿ ಆದವರೊಳಗ ನಿಯೋಜನೆ ಮ್ಯಾಲ ಬ್ಯಾರೆ ಕಡಿ ಹೋದವರು ಎಷ್ಟು? ಮೂರನೇದನ್ನ ಯಾರೂ ಕೇಳಂಗಿಲ್ಲ. ಅಲ್ಲೇ ಇರ್ತೈತಿ ಗುಟ್ಟು. ಡಾಕ್ಟ್ರ ಪಗಾರ ನಿಮ್ಮ ದವಾಖಾನಿ ಹೆಸರಿಲೆ ಆಗ್ತಿರ್ತೈತಿ, ಹಾಜರಿ ಬ್ಯಾರೆ ಊರಾಗ ಬೀಳ್ತಿರ್ತೈತಿ. ಜಿಲ್ಲಾ ಸಭೆಯಾಗ ಪಟ್ಟಿ ಓದಿದ್ರ 'ಭರ್ತಿ' ಅಂತ ಬರ್ತೈತಿ, ಯಾರಿಗೂ ಸಂಶಯ ಬರಂಗಿಲ್ಲ.

ಇನ್ನೊಂದು ಮಾತು. ಹೆರಿಗಿ ಆದ ಮ್ಯಾಲ ರಕ್ತ ಹೋಗಾಕ ಹತ್ತಿದ್ರ ನಮ್ಮ ಕೈಯಾಗ ಇರೋದು ಎರಡು ತಾಸು. ಸೂಜಿ ಕೊಡ್ತೀವಿ, ಸಲೈನ್ ಹಚ್ತೀವಿ, ಹೊಟ್ಟಿ ಒತ್ತಿ ಹಿಡೀತೀವಿ. ನಿಲ್ಲಲಿಲ್ಲ ಅಂದ್ರ ರಕ್ತ ಬೇಕು. ಅರಿವಳಿಕೆ ಡಾಕ್ಟ್ರು ಬಂದ್ರೂ ರಕ್ತ ಇಟ್ಟುಕೊಳ್ಳೋ ವ್ಯವಸ್ಥಾ ಇಲ್ಲ ಅಂದ್ರ ರಾತ್ರಿ ಸಿಸೇರಿಯನ್‌ಗೆ ಯಾವ ಡಾಕ್ಟರಮ್ಮನೂ ಕೈ ಹಾಕಂಗಿಲ್ಲ. ಅದನ್ನೂ ಜೋಡಿಸಿ ಕೇಳ್ರಿ.


ಸರ್ಕಾರಿ ವೈದ್ಯ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದೇ ಭಾಗದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು, ಊರು ಬೇಡ.

ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡ ಅಂತ ಒಂದಿದೆ. 2007ರಲ್ಲಿ ಬಂತು, 2012 ಮತ್ತು 2022ರಲ್ಲಿ ಪರಿಷ್ಕರಣೆಯಾಯಿತು. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, ಅದರಲ್ಲಿ 30 ಹಾಸಿಗೆ. ಆ ಕೇಂದ್ರವನ್ನು 'ಮೊದಲ ರೆಫರಲ್ ಘಟಕ' ಅಂತ ಕರೆಯಬೇಕಾದರೆ ಮೂರು ಸೌಲಭ್ಯ ಇರಲೇಬೇಕು: ಹಗಲು ರಾತ್ರಿ ಸಿಸೇರಿಯನ್, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹ. ನಿಮ್ಮ ಕೇಂದ್ರ ಕಾಗದದಲ್ಲಿ ಆ ಪಟ್ಟಿಯಲ್ಲಿದೆಯೇ ನೋಡಿ ಮೇಷ್ಟ್ರೇ. ಇದ್ದರೆ ನೀವು ಹೊಸದಾಗಿ ಏನನ್ನೂ ಬೇಡುತ್ತಿಲ್ಲ, ಸರ್ಕಾರ ಬರೆದುಕೊಂಡಿರುವುದನ್ನೇ ಕೇಳುತ್ತಿದ್ದೀರಿ. ಮಾತಿಗೆ ಬರುವ ತೂಕವೇ ಬೇರೆ.

ಅರಿವಳಿಕೆ ತಜ್ಞರು ಸಿಗುವುದೇ ಕಷ್ಟ, ಸಿಕ್ಕರೂ ಖಾಸಗಿಯಲ್ಲಿ ಬರುವ ದುಡ್ಡಿನ ಮುಂದೆ ನಮ್ಮ ಗುತ್ತಿಗೆ ಸಂಬಳ ನಿಲ್ಲುವುದಿಲ್ಲ. ಅದಕ್ಕೇ ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳು ತುರ್ತು ಪ್ರಸೂತಿಗೆ ಬೇಕಾದಷ್ಟು ಅರಿವಳಿಕೆ ಕಲಿಸುವ ತರಬೇತಿ ಇದೆ. ನಿಮ್ಮ ಕೇಂದ್ರದ ಯುವ ವೈದ್ಯಾಧಿಕಾರಿಯನ್ನು ಅದಕ್ಕೆ ಕಳಿಸಿ ಅಂತ ಕೇಳಬಹುದು. ಅವರು ಕಲಿತು ಬಂದ ಮೇಲೆ ಅಲ್ಲೇ ಉಳಿಯಬೇಕು ಅಂತಲೂ ಕೇಳಿ. ತರಬೇತಿ ಮುಗಿಸಿದವರನ್ನು ಬೇರೆಡೆಗೆ ವರ್ಗ ಮಾಡಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ 2012ರದ್ದು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕಿತ್ತು. 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಇರುವ ಹುದ್ದೆಗೆ ತಕ್ಕಂತೆ ಮಾತ್ರ ಕರೆಯಬಹುದು ಅಂತಾಯಿತು. ಅಂದರೆ ನಿಮ್ಮ ಆಸ್ಪತ್ರೆಯ ಹುದ್ದೆ ದಾಖಲೆಯಲ್ಲಿ 'ಖಾಲಿ' ಅಂತ ಕಾಣಬೇಕು. ನಿಯೋಜನೆಯ ಮೇಲೆ ಹೋದವರ ಹೆಸರು ಅಲ್ಲೇ ಕೂತಿದ್ದರೆ ಅದು ಖಾಲಿ ಅಂತ ಕಾಣುವುದೇ ಇಲ್ಲ. ಸಿಸ್ಟರ್ ಹೇಳಿದ ಮೂರನೇ ಅಂಕಿ ಅಷ್ಟು ಮುಖ್ಯ ಯಾಕೆ ಅಂದರೆ ಇದಕ್ಕೇ.

ಕೊನೆಗೆ ಒಂದು ಮನವಿ, ಕೋಪ ಮಾಡಿಕೊಳ್ಳಬೇಡಿ. ಕೆಲವು ವರ್ಷಗಳ ಹಿಂದೆ ನಾನಿದ್ದ ಊರಿನಲ್ಲಿ ಹಾವು ಕಡಿದ ಹುಡುಗನನ್ನು ಮಂತ್ರ ಹಾಕಿಸಿ, ತಡವಾಗಿ ತಂದರು. ಉಳಿಸಲಾಗಲಿಲ್ಲ. ಜನ ನುಗ್ಗಿ ನನ್ನ ಜೊತೆಗಿದ್ದ ವೈದ್ಯೆಯ ಮೇಲೆ ಕೈ ಮಾಡಿದರು. ವೈದ್ಯರ ಮೇಲೆ ಹಲ್ಲೆ ತಡೆಯಲು 2009ರಿಂದ ರಾಜ್ಯದಲ್ಲಿ ಕಾಯ್ದೆ ಇದೆ, ಆದರೆ ಆ ರಾತ್ರಿ ಕಾಯ್ದೆ ಬಂದು ಬಾಗಿಲಲ್ಲಿ ನಿಲ್ಲಲಿಲ್ಲ. ಅವರು ವಾರದೊಳಗೆ ಹೋದರು. ಬಹಳ ದಿನ ಆ ಊರಿಗೆ ಯಾರೂ ಬರಲು ಒಪ್ಪಲಿಲ್ಲ. ಅವತ್ತು ಊರಿನ ಒಬ್ಬರೇ ಒಬ್ಬ ಹಿರಿಯರು ಅಡ್ಡ ನಿಂತಿದ್ದರೆ ಸಾಕಿತ್ತು. ಆಸ್ಪತ್ರೆಯ ಪರ ಹೋರಾಟ ಅನ್ನುವಾಗ ಇದನ್ನೂ ಸೇರಿಸಿಕೊಳ್ಳಿ.


ಹತ್ತಿ ಹೊಲ

ಡಾಕ್ಟ್ರ ಸಾಹೇಬ್ರ, ನಿಮ್ಮ ಮಾತು ಒಪ್ಪಿದೆ. ಕೈ ಮಾಡೋದು ತಪ್ಪು. ಆದ್ರ ಸರ್ಕಾರಿ ದವಾಖಾನಿಯಾಗ ಆಗಲಿಲ್ಲ ಅಂದ್ರ ನಮಗ ಏನಾಗ್ತದ ಅನ್ನೋದೂ ಗೊತ್ತಿರಲಿ. ಎರಡನೇ ಮಗಳ ಹೆರಿಗಿಗೆ ಖಾಸಗಿಗೆ ಹೋದ್ವಿ. ಹತ್ತಿ ಮಾರಿದ ರೊಕ್ಕ ಆಯ್ತು, ಹೆಂಡತಿ ಕೊರಳಾಗಿಂದು ಒತ್ತಿ ಇಟ್ವಿ. ಅದನ್ನ ಬಿಡಸ್ಲಿಕ್ಕೆ ಮನಿಮಂದಿಯೆಲ್ಲ ಎರಡು ವರ್ಷ ಬೆಂಗಳೂರಿಗೆ ಗುಳೆ ಹೋದ್ವಿ. ಹುಡುಗರ ಸಾಲಿ ಬಿಟ್ಟೋಯ್ತು.


ಬಳ್ಳಾರಿ ಅಕ್ಕ

ಈ ಚರ್ಚೆ ಓದ್ತಾ ಇದ್ದೆ, ಸುಮ್ಮನಿರೋಕೆ ಆಗಲಿಲ್ಲ. 2024ರ ನವೆಂಬರ್‌ನಾಗೆ ನಮ್ಮ ಬಳ್ಳಾರಿ ಜಿಲ್ಲಾಸ್ಪತ್ರೆಯಾಗೆ ಸಿಸೇರಿಯನ್ ಆದ ಐದು ಜನ ಬಾಣಂತಿಯರು ಸತ್ತರು. ಅಲ್ಲಿ ಡಾಕ್ಟ್ರು ಇದ್ರು, ಓಟಿ ಇತ್ತು, ಅರಿವಳಿಕೆನೂ ಇತ್ತು. ಅನುಮಾನ ಬಂದಿದ್ದು ಹಾಕಿದ ಡ್ರಿಪ್ ಬಾಟ್ಲಿ ಮೇಲೆ, ರಿಂಗರ್ ಲ್ಯಾಕ್ಟೇಟ್ ಅಂತಾರಲ್ಲ, ಅದು. ಸರ್ಕಾರ ರಾಜ್ಯ ಔಷಧ ನಿಯಂತ್ರಕರನ್ನ ಅಮಾನತು ಮಾಡ್ತು. ಆ ಐದು ಮನೆಯಾಗಿನ ಕೂಸುಗಳನ್ನ ಯಾರು ಎತ್ತಿ ಆಡಿಸ್ತಾರೆ?

ಅದಾದ ಮೇಲೆ ನಮ್ಮ ಓಣಿ ಬಸುರಿಯರು ಸರ್ಕಾರಿ ಆಸ್ಪತ್ರೆ ಅಂದ್ರೆ ಹೆದರ್ತಾರೆ. ಸಾಲ ಮಾಡಿ ಖಾಸಗಿಗೆ ಹೋಗ್ತಾರೆ. ಅದಕ್ಕೆ ಹೇಳ್ತೀನಿ, ಡಾಕ್ಟ್ರನ್ನ ಕೇಳೋ ಜೊತೆಗೆ ಔಷಧಿ ಎಲ್ಲಿಂದ ಬರುತ್ತೆ, ಯಾರು ಪರೀಕ್ಷೆ ಮಾಡ್ತಾರೆ, ಕೆಟ್ಟದ್ದು ಅಂತ ಸುಳಿವು ಸಿಕ್ಕ ಬ್ಯಾಚನ್ನ ಎಷ್ಟು ಗಂಟೆಯೊಳಗೆ ಕಪಾಟಿನಿಂದ ತೆಗೀತಾರೆ ಅಂತಲೂ ಕೇಳ್ರಿ. ಕರ್ನಾಟಕದಾಗೆ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು ಅಂತ 2018-20ರ ಲೆಕ್ಕ. ಅದೇ ಲೆಕ್ಕದಾಗೆ ಕೇರಳದ್ದು 19, ತಮಿಳುನಾಡಿಂದು 54, ಆಂಧ್ರದ್ದು 45. ದಕ್ಷಿಣದ ರಾಜ್ಯಗಳೊಳಗೆ ನಾವೇ ಹಿಂದೆ. ನಮ್ಮ ಕಡೆ ಹೆಣ್ಮಕ್ಕಳ ಜೀವ ಅಷ್ಟು ಅಗ್ಗ ಆಗಬಾರದು.


ಗ್ರಾಮ ಪಂಚಾಯ್ತಿ ಸದಸ್ಯೆ, ಯಲಬುರ್ಗಾ ಕಡೆ

ಅಕ್ಕಾರ, ನಿಮ್ಮ ಮಾತು ಓದಿ ಕಣ್ಣಾಗ ನೀರು ಬಂತು.

ಮೇಷ್ಟ್ರೇ, ಯಾರನ್ನ ಕೇಳಬೇಕು ಅಂದ್ರಲ್ಲ. ಪ್ರತಿ ಸರ್ಕಾರಿ ದವಾಖಾನಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದು ಐತಿ. 2005ರಾಗ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮ್ಯಾಲ ಬಂದದ್ದು. ದವಾಖಾನಿಯ ಸಣ್ಣಪುಟ್ಟ ಖರ್ಚಿನ ರೊಕ್ಕ, ಆಯುಷ್ಮಾನ್ ಕ್ಲೇಮಿನಿಂದ ಬರೋ ರೊಕ್ಕ, ಎಲ್ಲಾ ಆ ಸಮಿತಿ ಖಾತೆಗೆ ಬರ್ತೈತಿ. ನನ್ನನ್ನ ಹೆಣ್ಮಗಳು ಅಂತ ಹೆಸರಿಗೆ ಸೇರಿಸಿದ್ರು. ಮೊದಲ ಮೂರು ಸಭೆಯಾಗ ಚಾ ಕುಡದು, ಸಹಿ ಮಾಡಿ ಬಂದೆ. ನಡಾವಳಿ ಪುಸ್ತಕದಾಗ ಏನು ಬರದಾರ ಅಂತ ಓದಿರಲಿಲ್ಲ. ನಾಲ್ಕನೇ ಸಭೆಯಾಗ ಪುಸ್ತಕ ಕೊಡ್ರಿ ಅಂದೆ. ಎಲ್ಲಾರೂ ನನ್ನ ಮುಖಾ ನೋಡಿದ್ರು. ಓದಿದ್ರ, ಡಾಕ್ಟ್ರ ಕ್ವಾರ್ಟರ್ಸ್ ರಿಪೇರಿ ಮಾಡಸೋದು ಅಂತ ಎರಡು ವರ್ಷದಿಂದ ಅದೇ ಠರಾವು, ಬರೇ ತಾರೀಖು ಬ್ಯಾರೆ. ರೊಕ್ಕ ಖಾತೆಯಾಗ ಹಂಗ ಬಿದ್ದೇತಿ.

ಅವತ್ತು ಹಠಾ ಹಿಡದು ಕುಂತೆ. ಮಾಳಿಗಿ ಸೋರೋದು ನಿಲ್ಲಿಸಿದ್ವಿ, ನೀರಿನ ಪೈಪು ಪಂಚಾಯ್ತಿಯಿಂದ ಎಳಸಿದ್ವಿ, ಪಾಯಖಾನಿಗೆ ಬಾಗಿಲ ಹಾಕಿಸಿದ್ವಿ. ಮುಂದಿನ ಸಲ ಬಂದ ಡಾಕ್ಟರಮ್ಮ ಊರಾಗ ಉಳದ್ಲು. ಅಷ್ಟು ದಿನ ಡಾಕ್ಟ್ರು ಹಳ್ಳಿಗೆ ಬರಂಗಿಲ್ಲ ಅಂತ ಬೈತಿದ್ವಿ. ಸಣ್ಣ ಕೂಸು ಕಟಗೊಂಡ ಹೆಣ್ಮಗಳು ಸೋರೋ ಮನಿಯಾಗ ಹ್ಯಾಂಗ ಇದ್ದಾಳು?

ಹಂಗಾಗಿ ಮೊದಲು ನಿಮ್ಮ ಸಮಿತಿಯಾಗ ಯಾರ್ಯಾರು ಅದಾರ ತಿಳಕೊಳ್ರಿ. ಕೊನೇ ಸಭಾ ಯಾವಾಗ ಆಗೇತಿ ಕೇಳ್ರಿ. ಗ್ರಾಮಸಭೆಯಾಗ ಠರಾವು ಪಾಸ್ ಮಾಡಸ್ರಿ, ಅದರ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಟ್ಟು ಮುದ್ರಿ ಹಾಕಿಸಿಕೊಳ್ರಿ. ಕೆಡಿಪಿ ಸಭಾಕ್ಕಿಂತ (ಸರ್ಕಾರಿ ಇಲಾಖಿಗಳ ಕೆಲಸ ಪರಿಶೀಲನೆ ಮಾಡೋ ಸಭಾ) ಮೊದಲು ಅದೇ ಪ್ರತಿ ಶಾಸಕರ ಕೈಯಾಗ ಇರಬೇಕು. ಮುದ್ರಿ ಇಲ್ಲದ ಕಾಗದ ಎಲ್ಲಿ ಹೋಯ್ತು ಅಂತ ಯಾರೂ ಹೇಳಂಗಿಲ್ಲ.


ಸಂಡೂರು ಕಡೆಯವನು

ರೊಕ್ಕದ ವಿಷಯಕ್ಕೆ ಒಂದು ಮಾತು. ಗಣಿ ಇರೋ ಜಿಲ್ಲೆಯವರು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಮರೀಬೇಡ್ರಿ. ಗಣಿಯವರು ಕಟ್ಟೋ ರೊಕ್ಕ ಅದು, 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಶುರುವಿನ ನಿಯಮದಾಗೆ ಕನಿಷ್ಠ ಶೇ 60ರಷ್ಟು ಕುಡಿಯೋ ನೀರು, ಆರೋಗ್ಯ, ಶಿಕ್ಷಣ ಇಂಥವಕ್ಕೆ ಖರ್ಚಾಗಬೇಕು ಅಂತಿತ್ತು. ನಮ್ಮ ಕಡೆ ಕೆಂಪು ಧೂಳು ಕುಡಿದು ಕೆಮ್ಮೋರಿಗೆ ಎದೆ ಪರೀಕ್ಷೆ ಮಾಡಿಸೋಕೆ ಬಳ್ಳಾರಿಗೆ ಹೋಗಬೇಕು. ನಿಧಿ ನಮ್ಮ ಹೆಸರಲ್ಲಿ ಬಂದಿರೋದು, ಕೇಳೋ ಹಕ್ಕು ನಮಗೈತೆ. ಹಟ್ಟಿಯಾಗೂ ಚಿನ್ನದ ಗಣಿ ಐತಲ್ಲ, ರಾಯಚೂರಿನವರೂ ವಿಚಾರಿಸಿ ನೋಡ್ರಿ.


ದೇವದುರ್ಗದವ, ಈಗ ಬೆಂಗಳೂರು

ಯಾವ ತಾಲ್ಲೂಕು ಎಷ್ಟು ಹಿಂದುಳಿದಾವ ಅಂತ ನೋಡಿದ ನಂಜುಂಡಪ್ಪ ಸಮಿತಿ ವರದಿ 2002ರದ್ದು. ರಾಜ್ಯದ 114 ತಾಲ್ಲೂಕು ಹಿಂದುಳಿದವು, ಅದರಾಗ 39 ಅತ್ಯಂತ ಹಿಂದುಳಿದವು. ಆ 39ರಾಗ 21 ನಮ್ಮ ಕಲಬುರಗಿ ವಿಭಾಗದವೇ. ನಮ್ಮ ದೇವದುರ್ಗ ಎಲ್ಲಾಕ್ಕಿಂತ ತಳಕ್ಕ. ಆಮೇಲೆ ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಕಲಂ ಬಂತು. ಈ ಭಾಗದ ವೈದ್ಯಕೀಯ ಕಾಲೇಜುಗಳಾಗ ಶೇ 70 ಸೀಟು ನಮ್ಮ ಹುಡುಗರಿಗೆ. ರಾಯಚೂರು ರಿಮ್ಸ್, ಕೊಪ್ಪಳ ಕಿಮ್ಸ್, ಬಳ್ಳಾರಿ ಕಾಲೇಜು, ಎಲ್ಲಾ ಕಡೆ ನಮ್ಮ ಮಕ್ಕಳು ಡಾಕ್ಟ್ರಾಗಾಕತ್ಯಾರ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್ಟಿನಾಗ ಹೇಳ್ಯಾರ. ಸೀಟೂ ಬಂತು, ರೊಕ್ಕಾನೂ ಬಂತು. ಆ ಹುಡುಗರು ಓದಿ ಮುಗಿಸಿ ತಮ್ಮ ತಾಲ್ಲೂಕಿಗೆ ಬರೋ ಹಂಗ ಮಾಡೋ ಕೆಲಸ ಮಾತ್ರ ಯಾರೂ ಕೈಗೆ ತಗೊಂಡಿಲ್ಲ. ನನ್ನ ಜೋಡಿ ಓದಿದ ಗೆಳೆಯ ಈಗ ಅರಿವಳಿಕೆ ತಜ್ಞ, ಇಲ್ಲೇ ಬೆಂಗಳೂರಾಗ ಇದ್ದಾನ. ಊರಿಗೆ ಬಾರೋ ಅಂದ್ರ, ನನ್ನನ್ನ ಯಾರು ಕರದಾರ ಅಂತ ಕೇಳ್ತಾನ.

ಮೇಷ್ಟ್ರೇ, ಮಾಹಿತಿ ಹಕ್ಕಿನ ಅರ್ಜಿ ನಾನು ಬರಕೊಡ್ತೀನಿ. ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬಹಳ ಮಂದಿ ಮೂರು ಪುಟ ಸಿಟ್ಟು ಬರೀತಾರ, ಅದೇ ನೆಪ ಹಿಡಿದು ವಾಪಸ್ ಕಳಸ್ತಾರ. ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ರ ಅದೂ ಇಲ್ಲ. 30 ದಿನದೊಳಗ ಉತ್ತರ ಬರಬೇಕು. ಸಿಸ್ಟರ್ ಹೇಳಿದ ಮೂರು ಅಂಕಿ ಹುದ್ದೆವಾರು, ನಿಯೋಜನೆ ಆದೇಶದ ನಕಲು. ಇಷ್ಟೇ ಕೇಳೋಣ.


ಆಶಾ ಕಾರ್ಯಕರ್ತೆ

ನಮ್ಮ ಡೈರಿ ಯಾರೂ ಕೇಳಂಗಿಲ್ಲ ನೋಡ್ರಿ. ಯಾವ ಬಸುರಿ ಯಾವತ್ತು ಎಲ್ಲಿಂದ ಎಲ್ಲಿಗೆ ಹೋದ್ಲು, ಗಾಡಿ ಎಷ್ಟೊತ್ತಿಗೆ ಬಂತು, ಎಲ್ಲಾ ನಮಗ ಗೊತ್ತು. ನಾಲ್ಕೈದು ಊರಿನ ಆಶಾಗಳು ಕುಂತು ಒಂದು ವರ್ಷದ್ದು ಕೂಡಿಸಿದ್ರ, ಈ ದವಾಖಾನಿಯಿಂದ ಎಷ್ಟು ಮಂದೀನ ಮುಂದಕ್ಕ ಕಳಿಸ್ಯಾರ ಅಂತ ಪಟ್ಟಿ ಆಗ್ತದ. ಬಸುರಿಯರ ಹೆಸರು ಬರೆಯೋದು ಬ್ಯಾಡ, ತಾರೀಖು ಸಾಕು. 2025ರ ಜನವರಿಯಾಗ ಬೆಂಗಳೂರಿನ ಥಂಡಿಯಾಗ ನಾವು ಗೌರವಧನದ ಸಲುವಾಗಿ ರಸ್ತಾದಾಗ ಮಲಗಿದ್ವಿ. ಕೂಡಿ ಕುಂತ್ರ ಸರ್ಕಾರ ಮಾತಿಗೆ ಕರೀತದ ಅನ್ನೋದು ನಮಗ ಗೊತ್ತಾಗೇದ. ಈ ಕೆಲಸಕ್ಕೂ ನಾವು ಬರ್ತೀವಿ, ಕರೀರಿ.


ಹಟ್ಟಿ ಹುಡುಗ

ಸಿಸ್ಟರ್ ಅಕ್ಕಾ, ನಾನು ನೂರು ಹಾಸಿಗಿ ಅಂದಿದ್ದು ತಪ್ಪು ಅಂತ ಈಗ ಅರ್ಥ ಆಯ್ತು. ಮೊದಲು ಇರೋ ಮೂವತ್ತು ಹಾಸಿಗಿ ನಡೀಲಿ. ಆ ಪಟ್ಟಿ ಕಂಪ್ಯೂಟರಿಗೆ ಹಾಕೋ ಕೆಲಸ ನನಗ ಕೊಡ್ರಿ. ಏಮ್ಸ್ ಸಲುವಾಗಿ ಕುಂತಿರೋರಿಗೂ ಇದನ್ನ ಮುಟ್ಟಿಸ್ತೀನಿ. ಏಮ್ಸ್ ಬಂದ್ರೂ ಹಳ್ಳಿಯಿಂದ ಅಲ್ಲಿ ತನಕ ಜೀವ ಹಿಡಕೊಂಡು ಹೋಗಬೇಕಲ್ಲ.


ನಾಲೆ ದಂಡಿ ಮೇಷ್ಟ್ರು

ಎರಡು ತಿಂಗಳ ಮ್ಯಾಲ ಬರ್ಯಾಕತ್ತೀನಿ. ಎಲ್ಲರಿಗೂ ಹೇಳೋ ಋಣ ನನ್ನ ಮ್ಯಾಲ ಅದ.

ಮಾಹಿತಿ ಹಕ್ಕಿನ ಉತ್ತರ ಬಂತು. ಅರಿವಳಿಕೆ ತಜ್ಞರ ಹುದ್ದೆ ಮಂಜೂರು ಒಂದು, ಭರ್ತಿ ಒಂದು, ನಿಯೋಜನೆ ಒಂದು. ಸಿಸ್ಟರ್ ಹೇಳಿದ್ದು ಅಕ್ಷರ ಅಕ್ಷರ ನಿಜ. ನಮ್ಮ ಡಾಕ್ಟ್ರು ಇದ್ರು, ನಮ್ಮ ಕಡಿ ಇರಲಿಲ್ಲ. ಮೂರು ಊರಿನ ಗ್ರಾಮಸಭೆಯಾಗ ಠರಾವು ಆಯ್ತು. ಆಶಾ ಅಕ್ಕಾರು ಡೈರಿ ತಂದ್ರು, ಹಟ್ಟಿ ಹುಡುಗ ಎರಡು ರಾತ್ರಿ ಕುಂತು ಪಟ್ಟಿ ಮಾಡಿಕೊಟ್ಟ. ಆರೋಗ್ಯ ರಕ್ಷಾ ಸಮಿತಿ ಸಭಾಕ್ಕ ಹೋದ್ವಿ. ಆ ರಾತ್ರಿ ಆ್ಯಂಬುಲೆನ್ಸಿನಾಗ ಮಗಳ ಕೈ ಹಿಡಕೊಂಡು ಕುಂತಿದ್ದ ಅವ್ವನೂ ಬಂದಿದ್ದಳು. ನಾನು ಪಟ್ಟಿ ಓದಿದೆ. ಆಕಿ ಏನೂ ಓದಲಿಲ್ಲ, ಆ ರಾತ್ರಿ ಹ್ಯಾಂಗ ಹೋಯ್ತು ಅಂತ ಹೇಳಿದ್ಲು. ಸಭಾ ಮುಗಿಯೋ ತನಕ ಯಾರೂ ಮೊಬೈಲ್ ಮುಟ್ಟಲಿಲ್ಲ.

ಈಗ ಆಗಿದ್ದು ಇಷ್ಟು: ಮಂಗಳವಾರ, ಶುಕ್ರವಾರ ಅರಿವಳಿಕೆ ಡಾಕ್ಟ್ರು ನಮ್ಮಲ್ಲಿ ಬರ್ತಾರ. ಮೊದಲೇ ಗೊತ್ತಿರೋ ಸಿಸೇರಿಯನ್ ಅವತ್ತು ಮಾಡ್ತಾರ. ರಾತ್ರಿ ಬಂದ್ರ ಇನ್ನೂ ಮುಂದಕ್ಕ ಕಳಸ್ತಾರ. ವೈದ್ಯಾಧಿಕಾರಿ ಒಬ್ಬರನ್ನ ತರಬೇತಿಗೆ ಕಳಸಾಕ ಜಿಲ್ಲೆಗೆ ಪತ್ರ ಹೋಗೇದ, ಮುದ್ರಿ ಹಾಕಿದ ಪ್ರತಿ ನನ್ನ ಹತ್ರ ಅದ. ಕ್ವಾರ್ಟರ್ಸ್ ನೋಡಿ ಬಂದ್ವಿ, ಎರಡು ಮನಿ ಸೋರ್ತಾವ, ಮುಂದಿನ ಸಭಾದಾಗ ಅದೇ ಮೊದಲ ವಿಷಯ. ದೇವದುರ್ಗದ ತಮ್ಮಾ, ನಿನ್ನ ಗೆಳೆಯಗ ನಾವು ಕರೀತೀವಿ ಅಂತ ಹೇಳು. ಊರ ಪರವಾಗಿ ನಾನೇ ಪತ್ರ ಬರೀತೀನಿ.

ಸಿಸ್ಟರ್ ಅಕ್ಕಾ, ಇನ್ನೊಂದು ಕೇಳೋದದ. ರಕ್ತ ಸಂಗ್ರಹ ಘಟಕಕ್ಕ ಅರ್ಜಿ ಹಾಕೋಕಿಂತ ಮೊದಲು ನಮ್ಮ ದವಾಖಾನಿಯಾಗ ಏನೇನು ನೋಡಿಕೋಬೇಕು?


ಸಿಸ್ಟರ್, ಕೊಪ್ಪಳ ಜಿಲ್ಲೆ

ಭಾಳ ಖುಷಿ ಆಯ್ತು ಮೇಷ್ಟ್ರೇ. ಆ ಅವ್ವಗ ನನ್ನ ನಮಸ್ಕಾರ ಹೇಳ್ರಿ.

ಸಂಗ್ರಹ ಘಟಕ ಅಂದ್ರ ಬ್ಲಡ್ ಬ್ಯಾಂಕ್ ಅಲ್ಲ. ದೊಡ್ಡ ರಕ್ತನಿಧಿಯಿಂದ ರಕ್ತ ತಂದು ನಿಮ್ಮಲ್ಲಿ ಇಟ್ಟುಕೊಳ್ಳೋದು, ಬೇಕಾದಾಗ ಹೊಂದಾಣಿಕಿ ಪರೀಕ್ಷಾ ಮಾಡಿ ಹಚ್ಚೋದು. ಅದಕ್ಕ ಯಾವ ರಕ್ತನಿಧಿ ಕೊಡ್ತೈತಿ ಅಂತ ಮೊದಲು ಮಾತಾಡ್ರಿ. ಲ್ಯಾಬ್ ಟೆಕ್ನಿಷಿಯನ್ ರಾತ್ರಿ ಪಾಳಿಗೆ ಅದಾರೇನು ನೋಡ್ರಿ, ಇಲ್ಲಂದ್ರ ಫ್ರಿಜ್ಜಿನಾಗ ರಕ್ತ ಇದ್ದೂ ಹಚ್ಚಾಕ ಬರಂಗಿಲ್ಲ. ಮತ್ತ ಇವತ್ತೇ ಹೋಗಿ ಒಂದು ನೋಡಿ ಬರ್ರಿ: ಜನರೇಟರ್ ಲೈನು ಲ್ಯಾಬ್ ತನಕ ಎಳದಾರೇನು? ನಮ್ಮಲ್ಲಿ ಓಟಿಗೆ ಅಷ್ಟೇ ಎಳದಿದ್ರು. ಕರೆಂಟ್ ಹೋದ್ರ ಫ್ರಿಜ್ ಬಂದ್ ಆಗ್ತಿತ್ತು.